ಯಾವ ಜನ ಅಂತ ಕೇಳಿದೆ

ಶೀಳನೆರೆ
12 ಜೂನ್ 2023

ಪ್ರಮೀಳಾ ಎಂಬ ಹುಡುಗಿಗೆ,

ಇಲ್ಲಿ ನಾವೆಲ್ಲ ಉಂಡುಟ್ಟು ಚೆನ್ನಾಗಿದ್ದೇವೆ, ಅಲ್ಲಿ ನೀನೂ ಹಾಗೇ ಇರು ಎಂದು ಮೊದಲು ಬರೆಯಬೇಕು, ಬರೆದಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದು. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಮಾತುಮಾತಿಗೂ "ಅಜ್ಜಿ, ಒಂದ್ನಿಮಿಷ ಕೇಳಿ" ಅನ್ನುತ್ತೀಯ. ಕಾಗದದಲ್ಲಾದರೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಹೋದ ವಾರ ನೀನು ಬೆಂಗಳೂರಿನಿಂದ ನಮ್ಮ ಮನೆತನಕ ಬಂದೆ. ರಕ್ತದ ಕ್ಯಾನ್ಸರಿನವರಿಗೆ ದಾನಿಗಳನ್ನು ಹುಡುಕಿಕೊಡುವ ಆಫೀಸು ಎಂದೆ. ನಮ್ಮ ಮೊಮ್ಮಗಳು ಅನು ಪಾಂಡವಪುರದ ಕಾಲೇಜಿನಲ್ಲಿ ಯಾವುದೋ ಕ್ಯಾಂಪಿನ ದಿನ ಗೆಳತಿಯರ ಜೊತೆ ಕೆನ್ನೆಯೊಳಗೆ ಹತ್ತಿಕಡ್ಡಿ ತಿಕ್ಕಿಸಿಕೊಂಡು, ಕೊಟ್ಟ ಬಿಸ್ಕತ್ತು ತಿಂದು ಬಂದವಳು. ಈಗ ನೀನು ಬಂದು, ದೇಶವೆಲ್ಲ ಹುಡುಕಿದರೂ ಒಬ್ಬ ಕಾಯಿಲೆ ಹುಡುಗನಿಗೆ ಇವಳೊಬ್ಬಳದೇ ಕೂಡಿಬಂದಿದೆ ಎನ್ನುತ್ತೀಯ. ಇವಳ ಜಾತಕ ಮೂರು ಕಡೆ ತೋರಿಸಿದೆವು, ಒಂದೂ ಕೂಡಿಬರಲಿಲ್ಲ. ಕಂಡು ಕೇಳದವನ ರಕ್ತ ಕೂಡಿಬಂತಂತೆ. ಆಗಲಿ.

ನಾನು ನಿನ್ನನ್ನು ಕೇಳಿದ್ದು ಒಂದೇ ಮಾತು. "ಯಾವ ಜನವವ್ವ ಆ ಹುಡ್ಗ?" ಎಂದೆ. ನೀನು "ನಂಗೂ ಗೊತ್ತಿಲ್ಲ ಅಜ್ಜಿ, ಗೊತ್ತಿದ್ರೂ ಹೇಳೋ ಹಂಗಿಲ್ಲ" ಎಂದು ನಕ್ಕೆ. ನಗುವಂಥದ್ದೇನು ಅದರಲ್ಲಿ? ಹೆಣ್ಣು ಕೊಡುವಾಗ ಮೂರು ತಲೆಮಾರು ವಿಚಾರಿಸುತ್ತೇವೆ. ರಕ್ತ ಕೊಡುವಾಗ ವಿಚಾರಿಸಬಾರದೋ? ನೀನೇ ಹೇಳಿದೆ, ಇವಳದು ಅವನ ಮೈ ಸೇರಿದರೆ ಅವನ ರಕ್ತವೇ ಇವಳದಾಗುತ್ತದೆ ಎಂದು. ಹಾಗಾದರೆ ನಾಳೆ ಅವನು ನಮ್ಮ ಮನೆಯವನಂತೆಯೇ ಆದ. ಯಾರು ಎಂದು ಗೊತ್ತಿಲ್ಲದೆ ಮನೆಯವನನ್ನಾಗಿ ಮಾಡಿಕೊಳ್ಳಲೇ?

ಹುಡುಗಿ ಹೂಂ ಅಂದಿರಬಹುದು, ಅವಳಿಗಿನ್ನೂ ಇಪ್ಪತ್ತು. ನನ್ನ ಮಗ ಕುಮಾರ "ಅವ್ವ ಯೋಳ್ದಂಗೆ" ಎಂದು ಬೈಕು ಹತ್ತಿ ಮಾಕವಳ್ಳಿ ಫ್ಯಾಕ್ಟರಿ ಪಾಳಿಗೆ ಹೋದ. ಅವ್ವ ಹೇಳುತ್ತಿದ್ದಾಳೆ. ಜನ ಯಾವುದೆಂದು ಬರೆದು ಕಳಿಸು. ಆಮೇಲೆ ಮಾತು.

ಇಂತಿ,
ಚಿಕ್ಕಬೋರಮ್ಮ


ಬೆಂಗಳೂರು
19 ಜೂನ್ 2023

ಚಿಕ್ಕಬೋರಮ್ಮ ಅಜ್ಜಿಯವರಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ನಾನು ನಕ್ಕದ್ದು ತಪ್ಪು, ಕ್ಷಮಿಸಿ. ಉತ್ತರ ಮಾತ್ರ ಅದೇ. ದಾನಿ ಯಾರೆಂದು ಅವರಿಗೆ ಗೊತ್ತಾಗಬಾರದು, ಅವರು ಯಾರೆಂದು ನಿಮಗೆ ಗೊತ್ತಾಗಬಾರದು. ಒಂದು ವರ್ಷ ಕಳೆದು, ಎರಡೂ ಕಡೆಯವರು ಒಪ್ಪಿದರೆ ಮಾತ್ರ ಭೇಟಿ. ಅಲ್ಲಿಯವರೆಗೆ ಪತ್ರ ಬರೆದರೂ ನಮ್ಮ ಕಚೇರಿಯ ಮೂಲಕ, ಹೆಸರು ಊರು ಇಲ್ಲದೆ.

ನಾನು ಹೇಳಬಹುದಾದದ್ದು ಇಷ್ಟು: ಹುಡುಗನಿಗೆ ಒಂಬತ್ತು ವರ್ಷ. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅವನ ಮಜ್ಜೆ ಕೆಟ್ಟಿದೆ, ಕೆಟ್ಟ ರಕ್ತವನ್ನೇ ಹುಟ್ಟಿಸುತ್ತಿದೆ. ಔಷಧಿಯಿಂದ ಈಗ ರೋಗ ಅಡಗಿದೆ. ಅದು ಮತ್ತೆ ತಲೆಯೆತ್ತುವ ಮೊದಲು ಹಳೆಯ ಮಜ್ಜೆಯನ್ನು ಪೂರ್ತಿ ಸುಟ್ಟು, ಅನುವಿನ ಆಕರಕೋಶಗಳನ್ನು, ಅಂದರೆ ಹೊಸ ರಕ್ತ ಹುಟ್ಟಿಸುವ ಬೀಜದಂಥ ಕಣಗಳನ್ನು, ಅವನಿಗೆ ಕೊಡಬೇಕು. ಜುಲೈ ಎರಡನೇ ವಾರ ಎಂದು ಡಾಕ್ಟರು ಗೊತ್ತು ಮಾಡಿದ್ದಾರೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಅವನ ಮಜ್ಜೆ ಸುಟ್ಟ ಮೇಲೆ ದಾನಿ ಹಿಂದೆ ಸರಿದರೆ ಅವನು ಉಳಿಯುವುದಿಲ್ಲ. ಬೇಡ ಎನ್ನುವುದಾದರೆ ಈಗಲೇ ಬೇಡ ಎನ್ನಿ. ಕಾಯಿಸಬೇಡಿ.

ವಿಶ್ವಾಸದಿಂದ,
ಪ್ರಮೀಳಾ


ಶೀಳನೆರೆ
27 ಜೂನ್ 2023

ಪ್ರಮೀಳಾಗೆ,

ಅನುವಿಗೆ ಕಾಮಾಲೆ ಆಗಿದೆ. ಕಣ್ಣೆಲ್ಲ ಹಳದಿ. ಹೊಣಕೆರೆಯಲ್ಲಿ ಅವಳ ಸೋದರತ್ತೆ ಮನೆಯಲ್ಲಿಟ್ಟು ನಾಟಿ ಔಷಧಿ ಕುಡಿಸುತ್ತಿದ್ದೇವೆ. ಪಥ್ಯ ಇದೆ. ಅವಳ ಫೋನು ಕೆಟ್ಟಿದೆ. ನೀನು ಅಲೆದಾಡಿ ಬರುವುದು ಬೇಡ. ವಾಸಿಯಾದರೆ ನಾನೇ ಬರೆಯುತ್ತೇನೆ.

ನಾನು ಬೇಡ ಎಂದಿಲ್ಲ. ಇದನ್ನು ಗಮನದಲ್ಲಿಟ್ಟುಕೋ.

ಇಂತಿ,
ಚಿಕ್ಕಬೋರಮ್ಮ


ಬೆಂಗಳೂರು
4 ಜುಲೈ 2023

ಅಜ್ಜಿಯವರಿಗೆ,

ಅನುವಿಗೆ ಬೇಗ ಗುಣವಾಗಲಿ. ದಯವಿಟ್ಟು ಒಮ್ಮೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹುಡುಗನ ಮನೆಯವರಿಗೆ "ದಾನಿಗೆ ಹುಷಾರಿಲ್ಲ, ತಾರೀಕು ಮುಂದೆ ಹೋಗಿದೆ" ಎಂದು ತಿಳಿಸಿದ್ದೇವೆ. ಬೇರೆ ದಾನಿಗಾಗಿ ಮತ್ತೊಮ್ಮೆ ಹುಡುಕಿದೆವು, ಸಿಗಲಿಲ್ಲ. ನಿಮ್ಮ ಕಾಗದಕ್ಕೆ ಕಾಯುತ್ತಿರುತ್ತೇನೆ.

ಪ್ರಮೀಳಾ


ಬೆಂಗಳೂರು
21 ಆಗಸ್ಟ್ 2023

ಅಜ್ಜಿಗೆ,

ಅಪ್ಪ ನನ್ನನ್ನು ನಾಗಮಂಗಲದಲ್ಲಿ ಗೆಳತಿಯ ಮದುವೆಗೆ ಬಿಟ್ಟುಬರುತ್ತೇನೆ ಅಂತ ಹೇಳಿ ಹೊರಟರಲ್ಲ, ಅದು ಸುಳ್ಳು. ನಿನಗೆ ಈಗ ಸಿಟ್ಟು ಬರಬಹುದು. ನಮ್ಮ ಮನೆಯಲ್ಲಿ ಸುಳ್ಳು ಮೊದಲು ಹೇಳಿದವರು ಯಾರು ಎಂದು ಯೋಚಿಸಿ ಆಮೇಲೆ ಸಿಟ್ಟು ಮಾಡಿಕೋ.

"ಆಪೀಸ್ನೋರಿಗೆ ಬ್ಯಾರೆಯೋರು ಸಿಕ್ಕವ್ರಂತೆ, ನೀನ್ ಬ್ಯಾಡ್ವಂತೆ ಕಣವ್ವ" ಅಂತ ನೀನೇ ಹೇಳಿ, ಫೋನು ರಿಪೇರಿಗೆ ಅಂತ ಇಸಿದುಕೊಂಡು ನನ್ನನ್ನು ಹೊಣಕೆರೆಗೆ ಕಳಿಸಿದೆ. ನಾನು ನಂಬಿದೆ. ಆ ಹುಡುಗ ಹೇಗಿದ್ದಾನೋ ಕೇಳೋಣ ಅಂತ ಒಂದು ದಿನ ಅತ್ತೆಯ ಫೋನಿನಿಂದ ಪ್ರಮೀಳಾ ಮೇಡಂಗೆ ಮಾಡಿದೆ. ಅವರು ಮೊದಲು ಕೇಳಿದ್ದೇನು ಗೊತ್ತಾ? "ಕಾಮಾಲೆ ವಾಸಿಯಾಯ್ತಾ ಅನು?"

"ಆಯ್ತು ಮೇಡಂ" ಎಂದೆ. ನಿನ್ನ ಮಾನ ಉಳಿಸಲು ಹಾಗೆಂದೆ. ಅಪ್ಪನಿಗೆ ಮಾತ್ರ ಎಲ್ಲ ಹೇಳಿದೆ, ಕೇಳಿ ಅವರೇ ಇಲ್ಲಿಗೆ ಕರೆತಂದರು. ಇಲ್ಲಿ ರಕ್ತ ನೋಡಿದ ಡಾಕ್ಟರು "ಕಾಮಾಲೆ ಆಗಿದ್ದ ಗುರುತೇ ಇಲ್ವಲ್ಲಮ್ಮ!" ಎಂದು ಆಶ್ಚರ್ಯಪಟ್ಟರು. ನಾನು ನೆಲ ನೋಡಿದೆ. "ನಾಟಿ ಔಷಧಿ ಸಾರ್" ಎಂದೆ. ಅಪ್ಪ ಎದ್ದು ಹೊರಗೆ ಹೋದರು.

ಐದು ದಿನ ಇಂಜೆಕ್ಷನ್ ಕೊಟ್ಟರು. ಬೆನ್ನು ಸೊಂಟ ಸ್ವಲ್ಪ ನೋವು, ಕಬ್ಬಿನ ಸೋಗೆ ಹೊತ್ತ ದಿನದ ಹಾಗೆ, ಅಷ್ಟೇ. ಇವತ್ತು ಕುರ್ಚಿಯಲ್ಲಿ ಕೂರಿಸಿ ಒಂದು ತೋಳಿನಿಂದ ರಕ್ತ ತೆಗೆದು, ಮಿಷನ್ನಿನಲ್ಲಿ ಬೇಕಾದ್ದನ್ನು ಸೋಸಿಕೊಂಡು, ಉಳಿದದ್ದನ್ನು ಇನ್ನೊಂದು ತೋಳಿಗೆ ವಾಪಸು ಬಿಟ್ಟರು. ಕೊನೆಗೆ ಒಂದು ಸಣ್ಣ ಚೀಲ. ಇದು ಹೇಗೆ ಕೆಲಸ ಮಾಡುತ್ತೆ ಎಂದು ಅಪ್ಪ ನರ್ಸನ್ನು ಕೇಳಿದರು. ಆಕೆ "ಹೆಪ್ಪು ಹಾಕಿದ ಹಾಗೆ ಸಾರ್. ಪಾತ್ರೆ ತೊಳೆದು, ಕಾಯಿಸಿಟ್ಟಿರ್ತಾರೆ. ಇದೊಂದು ಚಮಚ ಬಿದ್ರೆ ತಾನಾಗೇ ಆಗುತ್ತೆ" ಎಂದಳು.

ಹೆಪ್ಪು ಕೇಳಿ ಬಂದವರಿಗೆ ನೀನು ಯಾವತ್ತಾದರೂ ಇಲ್ಲ ಎಂದಿದ್ದೀಯಾ ಅಜ್ಜಿ? ಬೇಡ, ಉತ್ತರ ಬರೆಯಬೇಡ. ಎಂದಿದ್ದೀಯ. ಹಿಂದಿನ ಬೀದಿಯವರಿಗೆ ಎಂದಿದ್ದನ್ನು ನಾನೇ ಕಂಡಿದ್ದೇನೆ.

ಊರಿಗೆ ಬರುವುದಿಲ್ಲ. ನೇರ ಪಾಂಡವಪುರದ ಹಾಸ್ಟೆಲಿಗೆ ಹೋಗುತ್ತೇನೆ.

ಅನು


(ಕಚೇರಿಯ ಮೂಲಕ ಬಂದದ್ದು. ಊರು, ಹೆಸರು ಇಲ್ಲ.)
4 ಡಿಸೆಂಬರ್ 2023

ನಮ್ಮ ಮಗನನ್ನು ಉಳಿಸಿದ ಹುಡುಗಿಗೂ ಆಕೆಯ ಮನೆಯ ಹಿರಿಯರಿಗೂ,

ಅವನು ನಿನ್ನೆ ಮನೆಗೆ ಬಂದ. ತಲೆಯಲ್ಲಿ ಹೊಸ ಕೂದಲು ಬರುತ್ತಿದೆ. ಎರಡು ದೋಸೆ ತಿಂದ. ಇದನ್ನು ಯಾರಿಗಾದರೂ ಹೇಳಬೇಕು ಎನ್ನಿಸಿದಾಗ ಮೊದಲು ನೆನಪಾದದ್ದು ನೀವು.

ಜುಲೈ ತಿಂಗಳಲ್ಲಿ ದಾನಿಗೆ ಹುಷಾರಿಲ್ಲ ಎಂದು ತಿಳಿದಾಗ ನಾನು ನನ್ನ ಮಗನಿಗಾಗಿ ಅತ್ತೆ ಎಂದರೆ ಸುಳ್ಳಾಗುತ್ತದೆ. ಯಾರ ಮನೆಯ ಮಗುವೋ, ನಮ್ಮ ಮಗನಿಗೆ ಕೊಡಲು ಒಪ್ಪಿದ್ದಕ್ಕೇ ದೃಷ್ಟಿ ತಾಗಿತೇನೋ ಎಂದು ಅತ್ತೆ. ಆ ಮಗು ಎದ್ದು ಓಡಾಡುವವರೆಗೆ ಸೋಮವಾರ ಹನಿ ನೀರೂ ಮುಟ್ಟುವುದಿಲ್ಲ ಎಂದು ನಮ್ಮ ಮನೆದೇವರು ▇▇▇▇▇▇ನಿಗೆ ಹರಕೆ ಹೊತ್ತೆ. ಆ ದಿನಗಳಲ್ಲಿ ಮಗನಿಗೆ ರೋಗ ಮತ್ತೆ ತಿರುಗಿತ್ತು. ಜೋರು ಔಷಧಿ ಕೊಟ್ಟರು, ನಂಜಾಗಿ ಐಸಿಯುನಲ್ಲಿಟ್ಟಿದ್ದರು. ಅವನಿಗೆ ಒಂದು, ನಿಮ್ಮ ಮಗುವಿಗೆ ಒಂದು ಎಂದು ಎರಡು ದೀಪ ಹಚ್ಚುತ್ತಿದ್ದೆ. ಎರಡನ್ನೂ ದೇವರು ಕಾಯ್ದ.

ಈಗ ಹರಕೆ ತೀರಿಸಬೇಕು. ದೇವಸ್ಥಾನದಲ್ಲಿ ಆ ಮಗುವಿನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಕಾಯಿಲೆ ನೀಗಿತು ಎಂದು ದೇವರಿಗೆ ಒಪ್ಪಿಸಿ, ಊಟ ಹಾಕಬೇಕು. ಹೆಸರು ತಿಳಿಸುವಂತಿಲ್ಲವಂತೆ. ನಕ್ಷತ್ರವಾದರೂ ಬರೆದು ಕಳಿಸಿ.

ಬೆಳೆದ ಹೆಣ್ಣುಮಗಳನ್ನು ಇಂಥ ಕೆಲಸಕ್ಕೆ ಧೈರ್ಯವಾಗಿ ಕಳಿಸಿದ ಹಿರಿಯರ ಪಾದಕ್ಕೆ ನನ್ನ ನಮಸ್ಕಾರ.

ಇಂತಿ,
ಹುಡುಗನ ತಾಯಿ


ಶೀಳನೆರೆ
17 ಡಿಸೆಂಬರ್ 2023

ಮೊಮ್ಮಗಳು ಅನುವಿಗೆ,

ನೀನು ದೀಪಾವಳಿಗೂ ಬರಲಿಲ್ಲ. ಕೇಳಿದವರಿಗೆಲ್ಲ ಪರೀಕ್ಷೆ ಎಂದೆ. ಅದೂ ಸುಳ್ಳೇ.

ಆ ತಾಯಿಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಪೋಸ್ಟ್‌ಮ್ಯಾನು ಕೊಟ್ಟಾಗ ನಿಮ್ಮ ತಾತ ಜಗುಲಿಯ ಮೇಲೆ ಕೂತಿದ್ದರು, "ಗಟ್ಟಿಯಾಗಿ ಓದು" ಎಂದರು. ಓದಿದೆ. ಹಿರಿಯರ ಪಾದ ಎನ್ನುವ ಕಡೆ ಬಂದಾಗ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ, ಆಕೆ ಎದುರಿಗೇ ಬಗ್ಗಿದ್ದಾಳೇನೋ ಎಂಬಂತೆ. ನಿಮ್ಮ ತಾತ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಅನ್ನಬಹುದಿತ್ತು.

ಇನ್ನೊಂದಿದೆ. ಇದನ್ನು ಬರೆಯುವುದೋ ಬೇಡವೋ ಎಂದು ಮೂರು ಸಲ ಪೆನ್ನು ಕೆಳಗಿಟ್ಟೆ. ಆಕೆ ಬರೆದ ದೇವರ ಹೆಸರನ್ನು ಆಫೀಸಿನವರು ಕಪ್ಪು ಶಾಯಿ ಬಳಿದು ಮುಚ್ಚಿದ್ದಾರೆ. ನೋಡಿದೆಯಾ? ಮನೆದೇವರು ಯಾರೆಂದು ಗೊತ್ತಾದರೆ ಜನ ಯಾವುದೆಂದು ಗೊತ್ತಾಗುತ್ತದೆ. ಮಾರನೆಯ ದಿನ ನಾನು ಹಿತ್ತಲಿಗೆ ಹೋಗಿ ಆ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಿಂದಿನಿಂದ, ಮುಂದಿನಿಂದ, ಓರೆ ಮಾಡಿ. ಕಣ್ಣಲ್ಲಿ ನೀರು ಬರುವವರೆಗೆ ನೋಡಿದೆ. ಆಕೆ ಸೋಮವಾರ ನೀರು ಬಿಟ್ಟಿದ್ದನ್ನು ಓದಿ ಅತ್ತ ಮಾರನೆಯ ದಿನವೇ, ಮಗಾ.

ನಿಮ್ಮ ತಾತ ಕೊಟ್ಟಿಗೆಯಿಂದ ಬಂದವರು ನೋಡಿಬಿಟ್ಟರು.

"ಏನ್ ಕಾಣುಸ್ತೇ?"

"ಏನೂ ಇಲ್ಲ. ಒದ್ದೆಯಾಗಿತ್ತು, ಒಣಗ್ಸ್ತಿದ್ದೆ."

"ಒಣುಗ್ಸು, ಒಣುಗ್ಸು. ಆ ಮಗ ಐಸಿಯುನಾಗೆ ಮನ್ಗಿದ್ದಾಗ ಜಾತಿ ಸರ್ಟಿಪಿಕೇಟು ದಿಂಬಿನ ಕೆಳಗಿಟ್ಕಂಡಿತ್ತಾ ಏನೋ, ಅದುನ್ನೂ ತರ್ಸಿ ಒಣಗಾಕು."

ನಲವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ನಿಮ್ಮ ತಾತ ನನಗೆ ಎದುರಾಡಿದ್ದು ಅದೇ ಮೊದಲು.

ನಕ್ಷತ್ರ ಬರೆಯಲೇ ಎಂದು ನಿನ್ನನ್ನು ಕೇಳಲು ಕೂತೆ. ನಿನ್ನದು ಉತ್ತರೆ. ಆದರೆ ಆಕೆ ದೇವರ ಮುಂದೆ ನಿಂತು "ಈ ನಕ್ಷತ್ರದ ಮಗುವಿನ ಕಾಯಿಲೆ ನೀಗಿಸಿದೆ" ಎಂದು ಒಪ್ಪಿಸುತ್ತಾಳೆ. ನಿನಗೆ ಯಾವ ಕಾಯಿಲೆ ಇತ್ತು? ನನ್ನ ಸುಳ್ಳನ್ನು ಆಕೆ ತನ್ನ ಬಾಯಿಂದ, ಉಪವಾಸವಿದ್ದ ಬಾಯಿಂದ, ದೇವರಿಗೆ ಹೇಳಿದಂತಾಗುತ್ತದೆ. ನಾನು ಮನುಷ್ಯರಿಗೆ ಸುಳ್ಳು ಹೇಳಿದ್ದೇನೆ, ಅಳೆದೂ ಸುರಿದೂ ಹೇಳಿದ್ದೇನೆ. ಇನ್ನೊಬ್ಬರಿಂದ ದೇವರಿಗೆ ಸುಳ್ಳು ಹೇಳಿಸಿಲ್ಲ.

ಏನು ಮಾಡಲಿ ಹೇಳು.

ನಿನ್ನ ಅಜ್ಜಿ


ಪಾಂಡವಪುರ
22 ಡಿಸೆಂಬರ್ 2023

ಅಜ್ಜಿ,

ನಿನಗೆ ಗೊತ್ತಿದೆ, ಏನು ಮಾಡಬೇಕೆಂದು. ನನ್ನಿಂದ ಹೇಳಿಸಿಕೊಂಡು ಮಾಡಬೇಡ.

ಅನು


ಶೀಳನೆರೆ
6 ಜನವರಿ 2024

ಹುಡುಗನ ತಾಯಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು. ತಂಗಿ ಎನ್ನಲು ಬಾಯಿ ಬರುವುದಿಲ್ಲ, ಪೂರ್ತಿ ಓದಿದ ಮೇಲೆ ನಿಮಗೇ ಗೊತ್ತಾಗುತ್ತದೆ. ಇದನ್ನು ದಾಟಿಸುವ ಪ್ರಮೀಳಾಗೆ ಹೇಳುತ್ತಿದ್ದೇನೆ: ಊರು ಹೆಸರು ಬೇಕಾದರೆ ಅಳಿಸು, ಬೇರೆ ಒಂದಕ್ಷರ ಅಳಿಸಬೇಡ. ಇದು ನೀನೂ ಓದಬೇಕಾದದ್ದು.

ನಮ್ಮ ಹುಡುಗಿಗೆ ಕಾಯಿಲೆ ಇರಲಿಲ್ಲ. ಒಂದು ಸೀನು ಕೂಡ ಇರಲಿಲ್ಲ. ಕಾಮಾಲೆ ಎಂದು ಬರೆದವಳು ನಾನು, ಅವಳ ಅಜ್ಜಿ. ನಿಮ್ಮ ಜನ ಯಾವುದು ಎಂದು ಕೇಳಿದೆ, ಹೇಳುವುದಿಲ್ಲ ಎಂದರು, ಅದಕ್ಕೆ ಕೊಡಲಿಲ್ಲ. ಬೇಡ ಎನ್ನುವ ಧೈರ್ಯವೂ ಇರಲಿಲ್ಲ, ಒಂಬತ್ತು ವರ್ಷದ ಮಗುವನ್ನು ಸಾಯಿಸಿದಳು ಎಂದಾರು ಎಂದು. ಹೂಂ ಎನ್ನುವ ಮನಸ್ಸೂ ಇರಲಿಲ್ಲ. ನಡುವೆ ಒಂದು ಕಾಯಿಲೆ ಹುಟ್ಟಿಸಿದೆ. ಹುಡುಗಿಗೆ ಅದು ಗೊತ್ತಿರಲಿಲ್ಲ. ಗೊತ್ತಾದೊಡನೆ ಅವಳು ಓಡಿ ಬಂದಳು. ಧೈರ್ಯವಾಗಿ ಕಳಿಸಿದ ಹಿರಿಯಳು ನಾನಲ್ಲ. ನನ್ನ ಪಾದಕ್ಕೆ ಮಾಡಿದ ನಮಸ್ಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಿ.

ನೀವು ನೀರು ಬಿಟ್ಟ ಸೋಮವಾರಗಳಲ್ಲಿ ನಾನು ಮುದ್ದೆ ಉಂಡು, ಎಲೆಅಡಿಕೆ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದೆ.

ಆ ದಿನಗಳಲ್ಲೇ ರೋಗ ತಿರುಗಿತು ಎಂದು ಬರೆದಿದ್ದೀರಿ. ನನ್ನಿಂದಲೇ ತಿರುಗಿತೋ, ತಿರುಗುವುದೇ ಇತ್ತೋ, ನನಗೆ ತಿಳಿಯದು. ಯಾರಾದರೂ ಹೇಳಿದರೆ ತಲೆಬಾಗಿ ಕೇಳುತ್ತೇನೆ. ಕ್ಷಮಿಸಿ ಎಂದು ಬರೆಯಬೇಕೆಂದಿದ್ದೆ. ಬರೆದರೆ ನಿಮ್ಮಿಂದ ಇನ್ನೂ ಏನನ್ನೋ ಕೇಳಿದಂತಾಗುತ್ತದೆ. ನಾನು ಆಗಲೇ ಒಂದು ಕೇಳಬಾರದ್ದನ್ನು ಕೇಳಿದವಳು.

ಅವಳ ನಕ್ಷತ್ರ ಉತ್ತರೆ. ಹರಕೆಯನ್ನು ಏನು ಮಾಡಬೇಕೆಂಬುದು ನಿಮಗೆ ಸೇರಿದ್ದು.

ಇಂತಿ,
ಹುಡುಗಿಯ ಅಜ್ಜಿ


ಬೆಂಗಳೂರು
30 ಜನವರಿ 2024

ಚಿಕ್ಕಬೋರಮ್ಮನವರಿಗೆ,

ನಿಮ್ಮ ಪತ್ರವನ್ನು ಹಲವು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಮೋಸ ಹೋದವರಲ್ಲಿ ನಾನೂ ಒಬ್ಬಳು, ಹಾಗಾಗಿ ಕೈ ಓಡಲಿಲ್ಲ. ಆಮೇಲೆ ಆ ತಾಯಿಗೆ ಫೋನು ಮಾಡಿ, ದಾನಿಯ ಮನೆಯಿಂದ ಒಂದು ಕಾಗದ ಬಂದಿದೆ, ನೋವಾಗುವ ಮಾತಿದೆ, ಬೇಕೇ ಬೇಡವೇ ಎಂದು ಕೇಳಿದೆ. ಬೇಕು ಎಂದರು. ಕಳಿಸಿದ್ದೇನೆ.

ತಡವಾದ್ದರಿಂದಲೇ ರೋಗ ತಿರುಗಿತೇ ಎಂದು ಡಾಕ್ಟರನ್ನು ಕೇಳಿದೆ. "ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ" ಎಂದರು. ಅದಕ್ಕಿಂತ ಹೆಚ್ಚಿನ ಉತ್ತರ ನಿಮಗೆ ಯಾರಿಂದಲೂ ಸಿಗುವುದಿಲ್ಲ.

ಪ್ರಮೀಳಾ


(ಕಚೇರಿಯ ಮೂಲಕ)
9 ಸೆಪ್ಟೆಂಬರ್ 2024

ಹುಡುಗಿಯ ಅಜ್ಜಿಗೆ,

ನಿಮ್ಮ ಪತ್ರ ಬಂದು ಬಹಳ ತಿಂಗಳಾಯಿತು. ಉತ್ತರ ಬರೆಯುವುದಿಲ್ಲ ಎಂದೇ ಇದ್ದೆ.

ಐಸಿಯುನಲ್ಲಿ ಕೊಟ್ಟ ಔಷಧಿಗೆ ನನ್ನ ಮಗನ ಎಡಗಿವಿ ಮಂದವಾಗಿದೆ. ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ. ಕಾರಣ ಇಂಥದ್ದೇ ಎಂದು ಹೇಳಲಾಗದು ಎನ್ನುತ್ತಾರೆ. ಇರಬಹುದು. ಆದರೆ ಕರೆದಾಗ ಅವನು ತಿರುಗದೆ ಹೋದರೆ ನನಗೆ ನೀವು ನೆನಪಾಗುತ್ತೀರಿ. ನಿಮಗೆ ನೋವಾಗಲಿ ಎಂದೇ ಇದನ್ನು ಬರೆದೆ. ಆಗಿದ್ದರೆ ಸಾಕು, ಇನ್ನು ಬರೆಯುವುದಿಲ್ಲ.

ಹರಕೆ ತೀರಿಸಿದೆವು. ಕಾಯಿಲೆ ನೀಗಿತು ಎಂದು ಹೇಳಲಿಲ್ಲ. ಉತ್ತರೆ ನಕ್ಷತ್ರದ ಮಗು ಚೆನ್ನಾಗಿರಲಿ ಎಂದಷ್ಟೇ ಹೇಳಿದೆ. ನಿಮ್ಮ ವಿಷಯ ಎತ್ತಲಿಲ್ಲ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ವರ್ಷ ತುಂಬಿದೆ, ಈಗ ಭೇಟಿಯಾಗಬಹುದಂತೆ. ಮಗ "ಅಕ್ಕನ ನೋಡ್ಬೇಕು" ಎಂದು ಹಟ ಹಿಡಿದಿದ್ದಾನೆ. ಹುಡುಗಿಯನ್ನು ಕಳಿಸಿಕೊಡಿ. ನೀವು ಬರಬೇಡಿ ಎನ್ನಲಾರೆ. ಬನ್ನಿ ಎನ್ನುವುದಕ್ಕೂ ಇನ್ನೂ ನನ್ನ ಕೈಲಾಗದು.

ನಮ್ಮ ಜನ ಯಾವುದೆಂದು ಇಲ್ಲಿ ಬರೆದುಬಿಡೋಣ ಎಂದುಕೊಂಡೆ. ಬರೆಯಲಿಲ್ಲ. ಬರೆದರೆ ನಿಮಗೆ ಒಂದೋ ಸಮಾಧಾನವಾಗುತ್ತದೆ, ಇಲ್ಲ ಸಂಕಟವಾಗುತ್ತದೆ. ಎರಡರಲ್ಲಿ ಯಾವುದಾದರೂ ನನಗೆ ಅವಮಾನವೇ.

ಹುಡುಗನ ತಾಯಿ


ಶೀಳನೆರೆ
18 ಸೆಪ್ಟೆಂಬರ್ 2024

ಅನುವಿಗೆ,

ಆ ತಾಯಿಯ ಕಾಗದ ನಿನಗೂ ಬಂದಿರುತ್ತದೆ. ಪ್ರಮೀಳಾ ಭಾನುವಾರ ಎಂದಳಂತೆ. ಹೋಗು. ನಿಮ್ಮಪ್ಪ ಕುಮಾರ ಜೊತೆಗೆ ಬರುತ್ತಾನೆ. ನಾನು ಬರುವುದಿಲ್ಲ. ಕರೆಯದಿದ್ದುದಕ್ಕೆ ಮುನಿಸಿಲ್ಲ. ಬರಲೇಬೇಕು ಎಂದಿದ್ದರೂ ಆ ಹುಡುಗನ ಯಾವ ಪಕ್ಕಕ್ಕೆ ಕೂರಲಿ ನಾನು?

ಏನು ಕಳಿಸಲಿ ಎಂದು ಯೋಚಿಸಿದೆ. ಕೊಬ್ಬರಿಮಿಠಾಯಿ ಮಾಡಲು ಬೆಲ್ಲ ತೆಗೆದೆ, ಮತ್ತೆ ಡಬ್ಬಕ್ಕೆ ಹಾಕಿದೆ. ನನ್ನ ಕೈಯದು ಆಕೆಯ ಗಂಟಲಲ್ಲಿ ಇಳಿಯಲಿಕ್ಕಿಲ್ಲ. ಆಕೆಗೆ ಬೇಕೆನ್ನಿಸಿದ ದಿನ ಆಕೆಯೇ ಹೇಳುತ್ತಾಳೆ. ಹೇಳದೆಯೂ ಇರಬಹುದು. ನೀನು ಬರಿಗೈಯಲ್ಲಿ ಹೋದರೂ ಬರಿಗೈ ಅಲ್ಲ.

ಅಲ್ಲಿ ಹೋದರೆ ನಿನಗೆ ಎಲ್ಲ ಗೊತ್ತಾಗಿಬಿಡುತ್ತದೆ. ಹೆಸರು, ಊರು, ಬಾಗಿಲ ಮೇಲಿನ ಪಟ, ಮಾತಿನ ವರಸೆ. ನೀನು ಕೇಳದಿದ್ದರೂ ತಿಳಿಯುತ್ತದೆ, ನಮ್ಮ ದೇಶದಲ್ಲಿ ಅದನ್ನು ಮುಚ್ಚಿಡಲು ಆಗುವುದಿಲ್ಲ. ವಾಪಸು ಬಂದಾಗ ಬಸ್‌ಸ್ಟಾಂಡಿನಿಂದಲೇ ಊರಿನವರು ಶುರು ಮಾಡುತ್ತಾರೆ, "ಯಾವ ಜನವಂತವ್ವ ಅವ್ರು?" ಎಂದು. ಅವರಿಗೆ ಏನು ಬೇಕಾದರೂ ಹೇಳು, ಬಿಡು, ನಿನ್ನಿಷ್ಟ.

ನನಗೆ ಹೇಳಬೇಡ.

ದೊಡ್ಡ ಮಾತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನ ಬುದ್ಧಿ ನನಗೆ ಗೊತ್ತು. ನಿನಗೆ ಮುದ್ದೆ ಬಡಿಸುವಾಗ, ಇಲ್ಲ ತಲೆ ಬಾಚುವಾಗ, ಏನೋ ಮಾತಿಗೆ ಬಂದಂತೆ ಕೇಳುತ್ತೇನೆ. ಹುಡುಗ ಹೇಗಿದ್ದಾನೆ, ಮನೆ ಹೇಗಿದೆ, ಏನು ಅಡಿಗೆ ಮಾಡಿದ್ದರು ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತೇನೆ. ಕೇಳುತ್ತೇನೆ ಮಗಾ. ಈ ಅರವತ್ತೊಂಬತ್ತು ವರ್ಷ ಬಾಯಿ ಕಲಿತದ್ದು ಅದನ್ನೇ.

ಆಗಲೂ ಹೇಳಬೇಡ. ಎಷ್ಟು ಸಲ ಕೇಳಿದರೂ.

ನಿನ್ನ ಅಜ್ಜಿ,
ಚಿಕ್ಕಬೋರಮ್ಮ